ಒಬ್ಬರಿಗೇ ಮಾರಬೇಕೆಂಬ ಕರಾರು: ಸಹಿ ಹಾಕುವ ಮುಂಚೆ ತಿಳಿದಿರಬೇಕಾದದ್ದು

ನೀವು ಪಾಂಡವಪುರದ ನಾಲೆ ಬಯಲಿನಲ್ಲಿ ಕಬ್ಬು ಹಾಕಿದ್ದರೆ ಕಾರ್ಖಾನೆಯ ಒಪ್ಪಿಗೆ ಪತ್ರ ನಿಮಗೆ ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗರನ್ನು ನಂಬಿ ಅಂಗಡಿ ಇಟ್ಟಿದ್ದರೆ, ಕಂಪನಿಯವರು ಫ್ರಿಜ್ ತಂದಿಟ್ಟು ‘ಇದರಲ್ಲಿ ನಮ್ಮ ಬಾಟಲಿ ಮಾತ್ರ ಇಡಿ’ ಎಂದಿರಬಹುದು. ನಾಗಮಂಗಲದ ಕಡೆ ಕೋಳಿ ಶೆಡ್ ಕಟ್ಟಿದ್ದರೆ, ಮರಿಯನ್ನೂ ಮೇವನ್ನೂ ಒಂದೇ ಕಂಪನಿಯಿಂದ ಪಡೆದು, ಬೆಳೆದ ಕೋಳಿಯನ್ನು ಅದೇ ಕಂಪನಿಗೆ ಕೊಡಬೇಕೆಂಬ ಕರಾರು ಇರುತ್ತದೆ. ಕೆ.ಆರ್. ಪೇಟೆಯಲ್ಲಿ ಗೊಬ್ಬರದ ಅಂಗಡಿ ನಡೆಸುತ್ತಿದ್ದರೆ, ಯೂರಿಯಾ ಬೇಕಾದರೆ ಜೊತೆಗೆ ಇನ್ನೊಂದು ಸಾಮಾನನ್ನೂ ಎತ್ತಬೇಕು ಎಂಬ ಮಾತು ಕೇಳಿರುತ್ತೀರಿ.

ಯೂರಿಯಾದ ಮಾತು ಸ್ವಲ್ಪ ಬೇರೆ, ಅದನ್ನು ಮುಂದೆ ನೋಡೋಣ. ಉಳಿದವೆಲ್ಲ ಒಂದೇ ಜಾತಿಯ ವ್ಯವಹಾರಗಳು. ಕೊಡುವವರು ಅಥವಾ ಕೊಳ್ಳುವವರು, ಇಬ್ಬರಲ್ಲಿ ಒಬ್ಬರು ಮತ್ತೊಬ್ಬರಿಗೆ ‘ಬೇರೆಯವರ ಹತ್ತಿರ ಹೋಗಬೇಡ’ ಎನ್ನುತ್ತಾರೆ. ಕಾನೂನಿನಲ್ಲಿ ಇದಕ್ಕೆ ಎಕ್ಸ್‌ಕ್ಲೂಸಿವ್ ಡೀಲಿಂಗ್ ಎಂದು ಹೆಸರು. ಅಂದರೆ ಒಬ್ಬರೊಂದಿಗೇ ವ್ಯವಹಾರ ಮಾಡುವ ಒಪ್ಪಂದ. ಇದು ಸರಿಯೇ, ತಪ್ಪೇ, ಯಾವಾಗ ತಪ್ಪಾಗುತ್ತದೆ, ತಪ್ಪಾದರೆ ಯಾರ ಬಳಿ ಹೋಗಬೇಕು ಎಂಬುದನ್ನು ನೋಡೋಣ.

ಕಾನೂನು ಏನು ಹೇಳುತ್ತದೆ

ನಮ್ಮ ದೇಶದಲ್ಲಿ ಇದನ್ನು ನೋಡಿಕೊಳ್ಳುವುದು 2002ರ ಸ್ಪರ್ಧಾ ಕಾಯ್ದೆ. ಇದರ ಮುಖ್ಯ ಕಲಂಗಳು ಜಾರಿಗೆ ಬಂದದ್ದು 2009ರ ಮೇ ತಿಂಗಳಲ್ಲಿ. ಇದನ್ನು ನಡೆಸುವ ಸಂಸ್ಥೆ ದೆಹಲಿಯಲ್ಲಿರುವ ಭಾರತೀಯ ಸ್ಪರ್ಧಾ ಆಯೋಗ. ಪತ್ರಿಕೆಗಳಲ್ಲಿ ಸಿಸಿಐ ಎಂದು ಬರುವುದು ಇದೇ.

ಕಾಯ್ದೆಯ 3ನೇ ಕಲಂ ಎರಡು ಬಗೆಯ ಒಪ್ಪಂದಗಳನ್ನು ಬೇರೆ ಮಾಡುತ್ತದೆ. ಒಂದೇ ಮಟ್ಟದವರು ಸೇರಿ ಬೆಲೆ ಕಟ್ಟುವುದು ಮೊದಲನೆಯದು. ನಾಲ್ಕು ಕಾರ್ಖಾನೆಗಳು ಕೂತು ‘ಇಷ್ಟಕ್ಕಿಂತ ಹೆಚ್ಚು ಕೊಡುವುದು ಬೇಡ’ ಎಂದು ಮಾತಾಡಿಕೊಂಡರೆ ಅದು ಕಾರ್ಟೆಲ್, ಅಂದರೆ ವ್ಯಾಪಾರಿಗಳ ಒಳಕೂಟ. ಅದರಿಂದ ಸ್ಪರ್ಧೆಗೆ ಹಾನಿಯಾಗಿದೆ ಎಂದೇ ಕಾನೂನು ಮೊದಲು ಭಾವಿಸಿಕೊಳ್ಳುತ್ತದೆ. ಇಲ್ಲ ಎಂದು ತೋರಿಸುವ ಹೊಣೆ ಆ ಕಂಪನಿಗಳದ್ದು.

ಎರಡನೆಯದು ಮೇಲಿನವರು ಮತ್ತು ಕೆಳಗಿನವರ ನಡುವಿನ ಒಪ್ಪಂದ. ಬೆಳೆಗಾರ ಮತ್ತು ಕಾರ್ಖಾನೆ, ಕಂಪನಿ ಮತ್ತು ಡೀಲರ್, ಡೀಲರ್ ಮತ್ತು ಅಂಗಡಿಯವರು. ಒಬ್ಬರೊಂದಿಗೇ ವ್ಯವಹಾರ ಮಾಡುವ ಕರಾರು ಈ ಗುಂಪಿಗೆ ಸೇರುತ್ತದೆ. ಇಲ್ಲಿ ಕಾನೂನು ಮೊದಲೇ ತಪ್ಪೆಂದು ಹೇಳುವುದಿಲ್ಲ. ಆ ಕರಾರಿನಿಂದ ಮಾರುಕಟ್ಟೆಯ ಸ್ಪರ್ಧೆಗೆ ಗಣನೀಯ ಹಾನಿ ಆಗಿದೆಯೇ, ಅಥವಾ ಆಗುವ ಸಂಭವ ಇದೆಯೇ ಎಂದು ತೂಗಿ ನೋಡಬೇಕು. ಹಾಗೆ ತೂಗಿದಾಗ ಹಾನಿ ಕಂಡರೆ ಮಾತ್ರ ಕರಾರು ಅನೂರ್ಜಿತ.

2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮೊದಲು ಕಲಂನಲ್ಲಿ ಇದ್ದದ್ದು ಕೊಳ್ಳುವವರನ್ನು ಕಟ್ಟಿಹಾಕುವ ಕರಾರಿನ ಮಾತು. ಈಗ ಕೊಳ್ಳುವವರನ್ನಾಗಲಿ ಮಾರುವವರನ್ನಾಗಲಿ, ಯಾರನ್ನು ಕಟ್ಟಿದರೂ ಅದರೊಳಗೆ ಬರುತ್ತದೆ. ತನ್ನ ಮಾಲನ್ನು ಒಬ್ಬರಿಗೇ ಮಾರಲು ಕಟ್ಟುಬಿದ್ದ ರೈತನ ಪಾಲಿಗೆ ಇದು ಮುಖ್ಯವಾದ ಬದಲಾವಣೆ.

ಬರವಣಿಗೆಯಲ್ಲಿ ಏನೂ ಇಲ್ಲವಲ್ಲ, ಬಾಯಿಮಾತಿನಲ್ಲೇ ಹೇಳಿದ್ದಾರಲ್ಲ ಎಂಬ ಸಂಶಯ ಬರಬಹುದು. ಕಾಯ್ದೆಯಲ್ಲಿ ಒಪ್ಪಂದ ಎಂದರೆ ಬಾಯಿಮಾತಿನ ಹೊಂದಾಣಿಕೆಯೂ ಸೇರುತ್ತದೆ. ಛಾಪಾ ಕಾಗದ ಇರಲೇಬೇಕೆಂದಿಲ್ಲ. ಆದರೆ ಸಾಬೀತು ಮಾಡಲು ಏನಾದರೂ ಕೈಯಲ್ಲಿರಬೇಕು: ವಾಟ್ಸ್‌ಆ್ಯಪ್ ಸಂದೇಶ, ಬಿಲ್ಲು, ಸರಬರಾಜು ನಿಲ್ಲಿಸಿದ ದಿನಾಂಕ, ಅದೇ ಮಾತು ಕೇಳಿಸಿಕೊಂಡ ಬೇರೆ ಅಂಗಡಿಯವರು. ಇನ್ನೊಂದು ಮಾತು. ಮನೆ ಬಳಕೆಗೆ ಕೊಳ್ಳುವ ಗ್ರಾಹಕರ ಜೊತೆಗಿನ ಒಪ್ಪಂದಕ್ಕೆ ಈ ಎರಡನೆಯ ಬಗೆಯ ನಿಯಮ ಅನ್ವಯಿಸುವುದಿಲ್ಲ.

ಇಂಥ ಕರಾರು ಯಾಕೆ ಬೇಕಾಗುತ್ತದೆ

ಎಲ್ಲ ಕರಾರೂ ಮೋಸವಲ್ಲ. ಕಬ್ಬನ್ನೇ ನೋಡಿ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಕಾರ್ಖಾನೆಯೂ ಅಷ್ಟೇ. ಒಮ್ಮೆ ಬಾಯ್ಲರ್ ಹೊತ್ತಿಸಿದ ಮೇಲೆ ಹಗಲು ರಾತ್ರಿ ಕಬ್ಬು ಬೀಳುತ್ತಿರಬೇಕು. ನಡುವೆ ನಿಂತರೆ ನಷ್ಟ. ಹಾಗಾಗಿ ಯಾವ ಹೊಲದ ಕಬ್ಬು ಯಾವ ವಾರ ಬರುತ್ತದೆ ಎಂದು ಮೊದಲೇ ಗೊತ್ತಿರಬೇಕು. ರೈತನಿಗೂ ಕಬ್ಬು ಬೆಳೆದು ನಿಂತಾಗ ಕೊಳ್ಳುವವರು ಯಾರೆಂದು ಗೊತ್ತಿರಬೇಕು.

ಮಿಡಿ ಸೌತೆಯದೂ ಹೀಗೆಯೇ. ಕರ್ನಾಟಕದಲ್ಲಿ ಅದನ್ನು ಹೆಚ್ಚಾಗಿ ಬೆಳೆಯುವುದು ರಫ್ತು ಕಂಪನಿಗಳ ಕರಾರಿನ ಮೇಲೆ. ಬೀಜ, ಗೊಬ್ಬರ, ಔಷಧಿ ಕಂಪನಿಯೇ ಸಾಲವಾಗಿ ಕೊಟ್ಟು, ಕೊನೆಗೆ ಕಾಯಿಯಲ್ಲಿ ಮುರಿದುಕೊಳ್ಳುತ್ತದೆ. ಊರ ಸಂತೆಯಲ್ಲಿ ಆ ಕಾಯಿಗೆ ಗಿರಾಕಿಯೇ ಕಡಿಮೆ. ಕರಾರು ಇಲ್ಲದಿದ್ದರೆ ಆ ಬೆಳೆಗೆ ಕೈ ಹಾಕಲು ಯಾವ ರೈತನಿಗೂ ಧೈರ್ಯ ಬರುವುದಿಲ್ಲ. ಕೋಳಿ ಸಾಕಣೆಯ ಕರಾರಿನಲ್ಲಿ ಮರಿ, ಮೇವು, ಔಷಧಿ ಎಲ್ಲ ಕಂಪನಿಯದು. ಶೆಡ್ಡು, ಕರೆಂಟು, ದುಡಿಮೆ ನಿಮ್ಮದು. ಕೋಳಿಯೇ ಕಂಪನಿಯ ಸ್ವತ್ತಾಗಿರುವಾಗ ಅದನ್ನು ಬೇರೆಯವರಿಗೆ ಮಾರಬೇಡಿ ಎಂದರೆ ಅದರಲ್ಲಿ ಅನ್ಯಾಯವಿಲ್ಲ.

ಕಾಯ್ದೆಯ 19ನೇ ಕಲಂ ಕೂಡ ಈ ಎರಡು ಬದಿಯನ್ನೂ ನೋಡು ಎನ್ನುತ್ತದೆ. ಹೊಸಬರು ಮಾರುಕಟ್ಟೆಗೆ ಬರಲು ಅಡ್ಡಿಯಾಯಿತೇ? ಇದ್ದ ಸ್ಪರ್ಧಿಗಳು ಹೊರಬಿದ್ದರೇ? ದಾರಿ ಮುಚ್ಚಿತೇ? ಇವು ಒಂದು ತಟ್ಟೆಯಲ್ಲಿ. ಗ್ರಾಹಕರಿಗೆ ಲಾಭವಾಯಿತೇ, ಉತ್ಪಾದನೆ ಮತ್ತು ವಿತರಣೆ ಸುಧಾರಿಸಿತೇ ಎಂಬುದು ಇನ್ನೊಂದು ತಟ್ಟೆಯಲ್ಲಿ.

ನನ್ನ ಅಭಿಪ್ರಾಯ ಕೇಳಿದರೆ, ರೈತರು ನೋಡಬೇಕಾದದ್ದು ಇದಕ್ಕಿಂತ ನೇರವಾದ ಒಂದು ವಿಷಯವನ್ನು. ‘ನಮಗೇ ಕೊಡು’ ಎನ್ನುವವರು ‘ನಾವು ಕೊಂಡೇ ಕೊಳ್ಳುತ್ತೇವೆ, ಇಂಥ ದಿನದೊಳಗೆ, ಇಂಥ ಬೆಲೆಗೆ’ ಎಂದು ಬರೆದುಕೊಡುತ್ತಾರೆಯೇ? ಎರಡೂ ಕಡೆಯವರನ್ನು ಕಟ್ಟಿದರೆ ಅದು ಒಪ್ಪಂದ. ಒಂದು ಕಡೆಯವರನ್ನಷ್ಟೇ ಕಟ್ಟಿದರೆ ಸಹಿ ಹಾಕುವ ಮುಂಚೆ ಎರಡು ಸಲ ಯೋಚಿಸಬೇಕು.

ಕಬ್ಬಿನ ಮೀಸಲು ಪ್ರದೇಶ

ಈ ಭಾಗದಲ್ಲಿ ಸಕ್ಕರೆಯ ಕಥೆ ಹಳೆಯದು. ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ 1847ರಲ್ಲೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ರೈತರು ಕಾಯಿಸಿದ ಬೆಲ್ಲವನ್ನು ಕೊಂಡು ಅದು ಸಕ್ಕರೆ ಮಾಡುತ್ತಿತ್ತು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಕಬ್ಬಿನ ಬಯಲು ಬೆಳೆಯಿತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ, ಅಂದರೆ ಮೈಶುಗರ್ ಬಂತು. ಆಮೇಲೆ ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ, ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆ, ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿ ಮತ್ತು ಕೊಪ್ಪದ ಕಾರ್ಖಾನೆಗಳು.

ಕಬ್ಬಿನಲ್ಲಿ ಒಬ್ಬರಿಗೇ ಮಾರುವ ಕಟ್ಟು ಬರುವುದು ಕೇವಲ ಕಾರ್ಖಾನೆಯ ಒಪ್ಪಿಗೆ ಪತ್ರದಿಂದಲ್ಲ. ಅದರ ಹಿಂದೆ ಸರ್ಕಾರದ ಆದೇಶ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ 6ನೇ ಖಂಡದ ಪ್ರಕಾರ, ಇಂಥ ಹಳ್ಳಿಗಳ ಕಬ್ಬು ಇಂಥ ಕಾರ್ಖಾನೆಗೆ ಎಂದು ಸರ್ಕಾರ ಮೀಸಲಿಡಬಹುದು. ಎಷ್ಟು ಕಬ್ಬು ಕೊಡಬೇಕು ಎಂದು ಗೊತ್ತುಮಾಡಬಹುದು. ಪ್ರದೇಶದಿಂದ ಹೊರಗೆ ಸಾಗಿಸಲು ಪರ್ಮಿಟ್ ಬೇಕೆನ್ನಬಹುದು. ಮೀಸಲು ಪ್ರದೇಶದಲ್ಲಿ ಬೆಲ್ಲ ತಯಾರಿಕೆಗೆ ಲೈಸೆನ್ಸ್ ಬೇಕೆಂದೂ ಹೇಳಬಹುದು. ಜೊತೆಗೆ ಒಂದು ಕಾರ್ಖಾನೆಗೂ ಇನ್ನೊಂದಕ್ಕೂ ಕನಿಷ್ಠ 15 ಕಿಲೋಮೀಟರ್ ಅಂತರ ಇರಬೇಕೆಂಬ ನಿಯಮವೂ ಅದೇ ಆದೇಶದಲ್ಲಿದೆ.

ಆದರೆ ಅದೇ 6ನೇ ಖಂಡದಲ್ಲಿ ಇನ್ನೊಂದು ಮಾತಿದೆ, ಅದನ್ನು ರೈತರಿಗೆ ಹೇಳುವವರು ಕಡಿಮೆ. ಗೊತ್ತುಮಾಡಿದ ಪ್ರಮಾಣದ ಕಬ್ಬನ್ನು ರೈತ ಕೊಡಬೇಕು ಎಂದು ನಿರ್ದೇಶಿಸುವ ಅಧಿಕಾರದ ಜೊತೆಗೇ, ಅದನ್ನು ಕಾರ್ಖಾನೆ ತೆಗೆದುಕೊಳ್ಳಬೇಕು ಎಂದು ನಿರ್ದೇಶಿಸುವ ಅಧಿಕಾರವೂ ಇದೆ. ಕಟ್ಟು ಎರಡೂ ಕಡೆಗೆ. ಹೊಲದಲ್ಲಿ ಕಬ್ಬು ಸೂಲಂಗಿ ಬಂದು ಒಣಗುತ್ತಿರುವಾಗ ಕಟಾವು ಆದೇಶ ಕೊಡದೆ ಸತಾಯಿಸಿದರೆ, ‘ನಮ್ಮನ್ನು ಮೀಸಲಿಟ್ಟಿದ್ದೀರಿ, ಈಗ ಕಬ್ಬು ಎತ್ತಿಸಿ’ ಎಂದು ಕೇಳುವ ಹಕ್ಕು ನಿಮಗಿದೆ.

ಈ ಕಟ್ಟು ಮುರಿದುಬಿದ್ದಾಗ ಏನಾಗುತ್ತದೆ ಎಂಬುದನ್ನು ಮಂಡ್ಯದ ರೈತರು ಕಣ್ಣಾರೆ ಕಂಡಿದ್ದಾರೆ. 2019ರ ಸುಮಾರಿಗೆ ಮೈಶುಗರ್ ಮತ್ತು ಪಾಂಡವಪುರದ ಕಾರ್ಖಾನೆ ಎರಡೂ ನಿಂತಿದ್ದವು. ಬೆಳೆದು ನಿಂತ ಕಬ್ಬನ್ನು ಬೇರೆ ಕಾರ್ಖಾನೆಗಳಿಗೆ ಸಾಗಿಸಲು ಸರ್ಕಾರದ ಕಡೆ ನೋಡಬೇಕಾಯಿತು. ಪಾಂಡವಪುರದ ಕಾರ್ಖಾನೆಯನ್ನು 2020ರಲ್ಲಿ ನಿರಾಣಿ ಶುಗರ್ಸ್‌ಗೆ 40 ವರ್ಷದ ಗುತ್ತಿಗೆಗೆ ಕೊಡಲಾಯಿತು. ಮೈಶುಗರ್ 2022ರಲ್ಲಿ ಮತ್ತೆ ಶುರುವಾಯಿತು. ಒಬ್ಬರನ್ನೇ ನಂಬಿದ ಬೆಳೆಗಾರನಿಗೆ ಆ ಒಬ್ಬರು ಬಾಗಿಲು ಹಾಕಿದರೆ ಬೇರೆ ದಾರಿ ಎಷ್ಟು ಕಡಿಮೆ ಎಂಬುದು ಆ ವರ್ಷಗಳಲ್ಲಿ ಸ್ಪಷ್ಟವಾಯಿತು. ಆಲೆಮನೆಗಳು ಈ ಜಿಲ್ಲೆಗೆ ಬೇಕೇ ಬೇಕು ಎಂದು ನಾನು ನಂಬುವುದು ಇದೇ ಕಾರಣಕ್ಕೆ. ಹತ್ತಿರದಲ್ಲಿ ಆಲೆಮನೆ ಇದ್ದರೆ ಕಾರ್ಖಾನೆಯ ಜೊತೆ ಮಾತಾಡುವಾಗ ರೈತನ ದನಿಗೆ ಬಲ ಬರುತ್ತದೆ.

ಹಾಗಾದರೆ ಮೀಸಲು ಪ್ರದೇಶವೇ ಸ್ಪರ್ಧಾ ಕಾಯ್ದೆಗೆ ವಿರುದ್ಧವಲ್ಲವೇ? ಅದು ಸರ್ಕಾರದ ಶಾಸನಬದ್ಧ ಆದೇಶ. ಎರಡು ವ್ಯಾಪಾರಿಗಳ ನಡುವಿನ ಕರಾರಿನಂತೆ ಅದನ್ನು ಸ್ಪರ್ಧಾ ಆಯೋಗದ ಮುಂದೆ ಪ್ರಶ್ನಿಸುವುದು ಕಷ್ಟ. ಆದೇಶವನ್ನೇ ಪ್ರಶ್ನಿಸಬೇಕಾದರೆ ದಾರಿ ಹೈಕೋರ್ಟಿನ ರಿಟ್ ಅರ್ಜಿ. ಉತ್ತರ ಪ್ರದೇಶದ ಕಬ್ಬು ಖರೀದಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1956ರಲ್ಲೇ ಟೀಕಾ ರಾಮ್‌ಜಿ ಮೊಕದ್ದಮೆಯಲ್ಲಿ ಎತ್ತಿಹಿಡಿದಿತ್ತು. ಆದರೆ ನೀತಿ ಬದಲಾಗಬೇಕು ಎಂಬ ಮಾತು ಸರ್ಕಾರದ ಒಳಗಿನಿಂದಲೇ ಬಂದಿದೆ. ಸಿ. ರಂಗರಾಜನ್ ಸಮಿತಿ 2012ರಲ್ಲಿ ಮೀಸಲು ಪ್ರದೇಶವನ್ನು ಹಂತಹಂತವಾಗಿ ಕೈಬಿಡಿ, ಅಂತರದ ನಿಯಮವನ್ನೂ ತೆಗೆಯಿರಿ ಎಂದು ಶಿಫಾರಸು ಮಾಡಿತು. ಮಹಾರಾಷ್ಟ್ರದಲ್ಲಿ ಮೀಸಲು ಪದ್ಧತಿ ಇಲ್ಲ. ಅಲ್ಲಿನ ರೈತ ತನಗೆ ಬೇಕಾದ ಕಾರ್ಖಾನೆಗೆ ಕಬ್ಬು ಕೊಡಬಹುದು.

ಬೆಲೆ, ದಿನ, ಬಡ್ಡಿ

ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆಗೆ ಎಫ್‌ಆರ್‌ಪಿ, ಅಂದರೆ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ ಎನ್ನುತ್ತಾರೆ. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ಅದನ್ನು ಗೊತ್ತುಮಾಡುತ್ತದೆ. 2025-26ರ ಹಂಗಾಮಿಗೆ ಶೇ 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ. ಇಳುವರಿ ಎಂದರೆ ಕಬ್ಬಿನಿಂದ ಬರುವ ಸಕ್ಕರೆಯ ಪ್ರಮಾಣ. ಇಳುವರಿ ಶೇ 9.5ಕ್ಕೆ ಇಳಿದರೂ, ಅದಕ್ಕಿಂತ ಕೆಳಗೆ ಹೋದರೂ 3,290 ರೂಪಾಯಿ 50 ಪೈಸೆಗೆ ಕಡಿಮೆ ಕೊಡುವಂತಿಲ್ಲ. ಮಂಡ್ಯದ ಕಡೆ ಇಳುವರಿ ಬೆಳಗಾವಿಗಿಂತ ಸಾಮಾನ್ಯವಾಗಿ ಕಡಿಮೆ, ಆದ್ದರಿಂದ ಈ ಎರಡನೆಯ ಅಂಕಿಯನ್ನು ನೆನಪಿಡಿ. ಇದು ಕಾರ್ಖಾನೆಯ ಗೇಟಿಗೆ ಮುಟ್ಟಿಸಿದ ಕಬ್ಬಿನ ಬೆಲೆ. ಕಟಾವು ಮತ್ತು ಸಾಗಾಣಿಕೆಯನ್ನು ಕಾರ್ಖಾನೆ ಮಾಡಿಸಿದರೆ ಆ ಖರ್ಚು ಇದರಲ್ಲಿ ಕಡಿತವಾಗುತ್ತದೆ. ಆ ಕಡಿತ ಎಷ್ಟು ಎಂದು ಸಹಿ ಹಾಕುವಾಗಲೇ ಕೇಳಿ.

ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ನಿಮಗೆ 1 ಲಕ್ಷ ರೂಪಾಯಿ ಬರಬೇಕಿದ್ದು, ಅವಧಿ ಮುಗಿದ ಮೇಲೆ ಮೂರು ತಿಂಗಳು ತಡವಾದರೆ ಬಡ್ಡಿಯೇ 3,750 ರೂಪಾಯಿ.

ಇಲ್ಲೊಂದು ಎಚ್ಚರಿಕೆ. 14 ದಿನದ ಈ ನಿಯಮ ಇರುವ ಖಂಡದಲ್ಲೇ, ಲಿಖಿತ ಒಪ್ಪಂದದಲ್ಲಿ ಬೇರೆ ರೀತಿ ಬರೆದುಕೊಂಡಿಲ್ಲದಿದ್ದರೆ ಎಂಬ ಮಾತು ಸೇರಿದೆ. ಒಪ್ಪಿಗೆ ಪತ್ರದ ಸಣ್ಣಕ್ಷರದಲ್ಲಿ ‘ಹಣವನ್ನು ಕಂತಿನಲ್ಲಿ ಪಡೆಯಲು ಒಪ್ಪಿದ್ದೇನೆ’ ಎಂಬ ಸಾಲಿದ್ದು ನೀವು ಓದದೆ ಸಹಿ ಮಾಡಿದರೆ, ಆಮೇಲೆ ಬಡ್ಡಿ ಕೇಳುವ ದಾರಿ ಕಿರಿದಾಗುತ್ತದೆ. ಫೀಲ್ಡ್‌ಮನ್ ಅವಸರ ಮಾಡಿದರೂ ಆ ಪುಟವನ್ನು ಓದಿಸಿಕೊಳ್ಳಿ. ಓದು ಬರದ ಹಿರಿಯರಿದ್ದರೆ ಮನೆಯ ಮಕ್ಕಳನ್ನು ಕೂರಿಸಿಕೊಳ್ಳಿ.

ಅಂಗಡಿಯ ಫ್ರಿಜ್ಜು, ಡೀಲರ್‌ನ ಕರಾರು

ಕಂಪನಿ ಕೊಟ್ಟ ಫ್ರಿಜ್ಜಿನಲ್ಲಿ ಅದೇ ಕಂಪನಿಯ ಮಾಲು ಮಾತ್ರ ಇಡಬೇಕು ಎಂಬ ಷರತ್ತು ಚಿಕ್ಕದಾಗಿ ಕಾಣುತ್ತದೆ. ಆದರೆ ಐರ್ಲೆಂಡಿನಲ್ಲಿ ಇದೇ ವಿಷಯ ವರ್ಷಗಟ್ಟಲೆ ನಡೆಯಿತು. ಅಲ್ಲಿ ಯೂನಿಲಿವರ್ ಬಳಗದ ಐಸ್‌ಕ್ರೀಂ ಕಂಪನಿಯೊಂದು ಅಂಗಡಿಗಳಿಗೆ ಪುಕ್ಕಟೆ ಫ್ರೀಜರ್ ಕೊಟ್ಟು, ಬೇರೆ ಐಸ್‌ಕ್ರೀಂ ಇಡಬಾರದು ಎಂದಿತ್ತು. ಸುಮಾರು ಶೇ 40ರಷ್ಟು ಅಂಗಡಿಗಳಲ್ಲಿ ಆ ಕಂಪನಿಯ ಫ್ರೀಜರ್ ಮಾತ್ರ ಇತ್ತು. ಸಣ್ಣ ಅಂಗಡಿಯಲ್ಲಿ ಇನ್ನೊಂದು ಫ್ರೀಜರ್ ಇಡಲು ಜಾಗ ಎಲ್ಲಿ? ಹಾಗಾಗಿ ಹೊಸ ಕಂಪನಿಗಳಿಗೆ ದಾರಿ ಮುಚ್ಚಿತು. ಯುರೋಪಿನ ಆಯೋಗ 1998ರಲ್ಲಿ ಇದು ತಪ್ಪೆಂದು ಹೇಳಿತು, 2003ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಾರಣ ಫ್ರೀಜರ್ ಅಲ್ಲ, ಆ ಕಂಪನಿಯ ಬಲ ಮತ್ತು ಮುಚ್ಚಿಹೋದ ಅಂಗಡಿಗಳ ಪ್ರಮಾಣ. ಶ್ರೀರಂಗಪಟ್ಟಣದ ಒಂದು ಅಂಗಡಿಯ ಒಂದು ಫ್ರಿಜ್ಜಿನಿಂದ ಇಂಥ ಕೇಸು ಹುಟ್ಟುವುದಿಲ್ಲ. ನಿಮ್ಮ ಸ್ವಂತ ಫ್ರಿಜ್ಜಿನಲ್ಲೂ ಬೇರೆ ಮಾಲು ಇಡಬಾರದು ಎಂದು ದೊಡ್ಡ ಕಂಪನಿಯೊಂದು ಊರೂರಿನಲ್ಲಿ ಒತ್ತಾಯಿಸುತ್ತಿದ್ದರೆ ಅದು ಬೇರೆ ಮಾತು.

ನಮ್ಮ ಆಯೋಗವೂ ದೊಡ್ಡ ಪ್ರಕರಣಗಳನ್ನು ನೋಡಿದೆ. ಕಾರಿನ ಬಿಡಿಭಾಗಗಳು ಕಂಪನಿಯ ಅಧಿಕೃತ ಗ್ಯಾರೇಜಿಗೆ ಬಿಟ್ಟು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ದಂಡದ ಮೇಲೆ ಮೇಲ್ಮನವಿಗಳು ನಡೆದವು. ಮೊಬೈಲ್ ಫೋನುಗಳನ್ನು ಒಂದೇ ಆನ್‌ಲೈನ್ ತಾಣದಲ್ಲಿ ಮಾರುವ ಒಪ್ಪಂದಗಳ ಬಗ್ಗೆ 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಆ ಕಂಪನಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು. 2021ರ ಜೂನ್‌ನಲ್ಲಿ ಹೈಕೋರ್ಟ್ ಅವರ ಅರ್ಜಿ ತಳ್ಳಿಹಾಕಿ, ತನಿಖೆ ನಡೆಯಲಿ ಎಂದಿತು.

ಯೂರಿಯಾ ಜೊತೆ ಬೇರೆ ಸಾಮಾನು ಕಟ್ಟುವುದಕ್ಕೆ ಕಾಯ್ದೆಯಲ್ಲಿ ಟೈ-ಇನ್ ಎಂದು ಹೆಸರು. ಒಂದು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂಬ ಷರತ್ತು. ಈ ದೂರಿಗೆ ದೆಹಲಿಯವರೆಗೆ ಹೋಗಬೇಕಿಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಬಿಲ್ಲಿನ ಸಮೇತ ಬರೆದುಕೊಡಿ.

ಕರಾರು ಅವಧಿ ಮುಗಿದ ಮೇಲೂ ಕಟ್ಟಿಹಾಕಬಹುದೇ ಎಂಬುದು ಡೀಲರ್‌ಗಳು ಹೆಚ್ಚು ಕೇಳುವ ಪ್ರಶ್ನೆ. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ವ್ಯಾಪಾರ ಮಾಡದಂತೆ ತಡೆಯುವ ಷರತ್ತು ಅನೂರ್ಜಿತ. 1995ರ ಗುಜರಾತ್ ಬಾಟ್ಲಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಕರಾರು ಚಾಲ್ತಿಯಲ್ಲಿರುವ ತನಕ ಕೋಕಾ-ಕೋಲಾ ಬಿಟ್ಟು ಬೇರೆ ಕಂಪನಿಯ ಪಾನೀಯ ತುಂಬಬಾರದು ಎಂಬ ಷರತ್ತು ನಡೆಯುತ್ತದೆ ಎಂದಿತು. ಅವಧಿ ಮುಗಿದ ಮೇಲೂ ಕಟ್ಟಿಹಾಕಲು ಹೋದರೆ 27ನೇ ಕಲಂ ಅಡ್ಡ ಬರುತ್ತದೆ. ಆದ್ದರಿಂದ ಸಹಿ ಹಾಕುವಾಗ ಅವಧಿ ಎಷ್ಟು, ಮುಂಚೆಯೇ ಬಿಡಬೇಕಾದರೆ ಎಷ್ಟು ದಿನದ ನೋಟಿಸ್ ಕೊಡಬೇಕು ಎಂಬ ಎರಡು ಸಾಲು ಹುಡುಕಿ. ತಾನಾಗಿಯೇ ನವೀಕರಣವಾಗುತ್ತದೆ ಎಂಬ ಸಾಲಿದ್ದರೆ ಹೊಡೆದುಹಾಕಿಸಿ.

ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚು

ಕಬ್ಬಿನ ಬಾಕಿ, ಕಟಾವಿನ ತಡ, ತೂಕದ ಮೋಸ ಇವಕ್ಕೆ ಮೊದಲ ಬಾಗಿಲು ಮಂಡ್ಯದ ಜಿಲ್ಲಾಧಿಕಾರಿ ಕಚೇರಿ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ಕಾರ್ಖಾನೆಯಿಂದ ವಸೂಲಿ ಮಾಡಿಸುವ ದಾರಿ ಇದೆ. ರಾಜ್ಯ ಮಟ್ಟದಲ್ಲಿ ಕಬ್ಬು ಅಭಿವೃದ್ಧಿ ಆಯುಕ್ತರು ಮತ್ತು ಸಕ್ಕರೆ ನಿರ್ದೇಶಕರಿದ್ದಾರೆ. ಕರ್ನಾಟಕದ 2013ರ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣ ಕಾಯ್ದೆಯಡಿ ರೈತ ಪ್ರತಿನಿಧಿಗಳೂ ಇರುವ ಕಬ್ಬು ನಿಯಂತ್ರಣ ಮಂಡಳಿ ಇದೆ. ಅರ್ಜಿಗೆ ಶುಲ್ಕವೇನೂ ದೊಡ್ಡದಿಲ್ಲ. ಒಪ್ಪಿಗೆ ಪತ್ರದ ಪ್ರತಿ, ತೂಕದ ಚೀಟಿ, ಪಹಣಿ, ಬ್ಯಾಂಕಿನ ಪಾಸ್‌ಬುಕ್ ಇದ್ದರೆ ಸಾಕು.

ಸ್ಪರ್ಧಾ ಆಯೋಗಕ್ಕೆ ಹೋಗುವುದು ಮಾರುಕಟ್ಟೆಯನ್ನೇ ಮುಚ್ಚುವಂಥ ದೊಡ್ಡ ವಿಷಯಕ್ಕೆ. ಅಲ್ಲಿ ದೂರು ಎನ್ನುವುದಿಲ್ಲ, ಮಾಹಿತಿ ಸಲ್ಲಿಸುವುದು ಎನ್ನುತ್ತಾರೆ. ಯಾರು ಬೇಕಾದರೂ ಸಲ್ಲಿಸಬಹುದು. ತನಗೇ ನಷ್ಟ ಆಗಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಒಬ್ಬ ವ್ಯಕ್ತಿ ಅಥವಾ ಸಹಕಾರ ಸಂಘ ಸಲ್ಲಿಸುವುದಾದರೆ ಶುಲ್ಕ 5,000 ರೂಪಾಯಿ, ಕಂಪನಿಗಳಿಗೆ ಹೆಚ್ಚು. ಸಲ್ಲಿಸುವ ಮುಂಚೆ ಆಯೋಗದ ಜಾಲತಾಣದಲ್ಲಿ ಚಾಲ್ತಿಯಲ್ಲಿರುವ ದರ ನೋಡಿಕೊಳ್ಳಿ. ಘಟನೆ ನಡೆದ ಮೂರು ವರ್ಷದೊಳಗೆ ಸಲ್ಲಿಸಬೇಕು. ವಕೀಲರಿಲ್ಲದೆ ನೀವೇ ವಾದಿಸಬಹುದು. ಹೆಸರು ಹೊರಬಂದರೆ ಸರಬರಾಜು ನಿಲ್ಲಿಸಿಯಾರು ಎಂಬ ಭಯವಿದ್ದರೆ, ಗುರುತನ್ನು ಗುಟ್ಟಾಗಿಡಿ ಎಂದು ಕೋರಬಹುದು.

ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ಆಯೋಗ ತನ್ನ ಮಹಾನಿರ್ದೇಶಕರಿಂದ ತನಿಖೆ ಮಾಡಿಸುತ್ತದೆ. ತಪ್ಪು ಸಾಬೀತಾದರೆ ಆ ಕರಾರು ನಿಲ್ಲಿಸಿ ಎನ್ನಬಹುದು, ಮೂರು ವರ್ಷದ ಸರಾಸರಿ ವಹಿವಾಟಿನ ಶೇ 10ರವರೆಗೆ ದಂಡ ಹಾಕಬಹುದು. ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮಗಲ್ಲ. ನಿಮ್ಮ ನಷ್ಟಕ್ಕೆ ಪರಿಹಾರ ಬೇಕಾದರೆ ಆಮೇಲೆ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಬೇರೆ ಅರ್ಜಿ ಹಾಕಬೇಕು. ಇದಕ್ಕೆ ವರ್ಷಗಳೇ ಹಿಡಿಯಬಹುದು. ಈ ಹಂಗಾಮಿನ ಕಬ್ಬಿನ ಹಣಕ್ಕೆ ಇದು ದಾರಿಯಲ್ಲ.

ಒಪ್ಪಿಗೆ ಪತ್ರ ಓದಿ ಹೇಳುವವರು ಬೇಕೆಂದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100.

ಕೊನೆಯದಾಗಿ ಒಂದು ಕೋರಿಕೆ. ಕಬ್ಬಿನದಾಗಲಿ, ಕೋಳಿಯದಾಗಲಿ, ಅಂಗಡಿಯದಾಗಲಿ, ಸಹಿ ಹಾಕಿದ ಕರಾರಿನ ಒಂದು ಪ್ರತಿಯನ್ನು ಅದೇ ದಿನ ಕೇಳಿ ಪಡೆಯಿರಿ. ‘ಆಮೇಲೆ ಕೊಡುತ್ತೇವೆ’ ಎಂದರೆ ಒಪ್ಪಬೇಡಿ, ಅಲ್ಲೇ ಎಲ್ಲ ಪುಟಗಳನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬನ್ನಿ.